ಪಾರಮ್ಮ ಮುಖ ಕೊಡಲಿಲ್ಲ

ಪಾರಮ್ಮನ ಹೆಸರಿನಲ್ಲಿ ಒಂದು ಕಂಪನಿ ಇದೆಯಂತೆ. ಹಳೇ ಕಬ್ಬಿಣ ಕೊಂಡು ಮಾರುವ ಕಂಪನಿ. ನಾವ್ಯಾರೂ ಹೆಸರು ಕೇಳದ ಯಾವುದೋ ರಾಜ್ಯದ ಊರಿನಲ್ಲಿ ಅದರ ಆಫೀಸಂತೆ. ಕಂಪನಿಯ ಮಾಲಕಿ ಸರ್ಕಾರಕ್ಕೆ ಜಿಎಸ್‌ಟಿ ಕಟ್ಟುತ್ತಾಳಂತೆ. ಅಂಥ ಸಾಹುಕಾರ್ತಿಗೆ ಸರ್ಕಾರದ ಅಕ್ಕಿ ಯಾಕೆ ಎಂದು ಆಕೆಯ ರೇಷನ್ ಕಾರ್ಡು ರದ್ದು ಮಾಡಿದ್ದಾರೆ.

ಇದನ್ನು ಹೇಳಿದವನು ಭಾಗ್ಯನಗರದ ನಮ್ಮ ಓಣಿಯ ರೇಷನ್ ಅಂಗಡಿಯ ಮಕ್ಬುಲಸಾಬ. ಅವನೇನೂ ಕೆಟ್ಟವನಲ್ಲ. ಮಶೀನು ನೋಡಿದ, ಪಾರಮ್ಮನನ್ನು ನೋಡಿದ, ಮತ್ತೆ ಮಶೀನು ನೋಡಿದ. ಸಾಲಿನಲ್ಲಿದ್ದ ಗಂಡಸೊಬ್ಬ, ಕಂಪನಿ ಮಾಲಕಿ ಚೀಲ ಹಿಡಕೊಂಡು ಬಂದಾಳ ನೋಡ್ರಿ ಎಂದ. ಎಲ್ಲರೂ ನಕ್ಕರು. ಪಾರಮ್ಮನೂ ನಕ್ಕಳು. ಆಕೆಗೆ ಇನ್ನೂ ಅರ್ಥವಾಗಿರಲಿಲ್ಲ. ನಾನು ಆಕೆಯ ಹಿಂದೆಯೇ ನಿಂತಿದ್ದೆ. ನನ್ನ ಅಕ್ಕಿ ನನಗೆ ಸಿಕ್ಕಿತು. ಆಕೆ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ಮನೆಗೆ ನಡೆದಳು.

ಅಕ್ಕಿಯದು ಹೇಗೋ ಆಗುತ್ತಿತ್ತು. ಓಣಿಯವರು ಅಷ್ಟಿಷ್ಟು ಕೊಡುತ್ತಿದ್ದೆವು. ಆದರೆ ಹುಲಗಪ್ಪ ಎದ್ದು ನಡೆಯುವುದು ಆ ಕಾರ್ಡಿನ ಮೇಲೆ ನಿಂತಿತ್ತು. ಹುಲಗಪ್ಪ ಪಾರಮ್ಮನ ಗಂಡ. ಹಳ್ಳಿ ಹಳ್ಳಿ ತಿರುಗಿ ಹೆಂಗಸರು ಕೂಡಿಟ್ಟ ಕೂದಲು ತೆಗೆದುಕೊಂಡು, ಬದಲಿಗೆ ಸ್ಟೀಲಿನ ಪಾತ್ರೆ ಕೊಡುವ ಕೆಲಸ ಅವನದು. ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಅವನ ಕೂಗು ಕೇಳಿದರೆ ಹೆಂಗಸರು ಒಲೆ ಬಿಟ್ಟು ಹೊರಗೆ ಬರುತ್ತಿದ್ದರು. ಹೋದ ವರ್ಷ ಯಲಬುರ್ಗಾ ದಾರಿಯಲ್ಲಿ ಅವನು ಕೂತಿದ್ದ ಟಂಟಂ ಗಾಡಿ ಮಗುಚಿತು. ಸೊಂಟದ ಕೀಲು ಮುರಿಯಿತು. ಅಲ್ಲಿಂದ ಅವನು ಹಾಸಿಗೆಯ ಮೇಲಿದ್ದಾನೆ. ಪಾರಮ್ಮ ಅವನನ್ನು ಬೆನ್ನಿಗೆ ಹಾಕಿಕೊಂಡು ಬಚ್ಚಲಿಗೆ ಒಯ್ಯುತ್ತಾಳೆ, ತೊಳೆಯುತ್ತಾಳೆ, ತಂದು ಮಲಗಿಸುತ್ತಾಳೆ, ಆಮೇಲೆ ಕೆಲಸಕ್ಕೆ ಬರುತ್ತಾಳೆ. ದೊಡ್ಡ ದವಾಖಾನೆಯಲ್ಲಿ ಹೊಸ ಕೀಲು ಹಾಕುತ್ತೇವೆ ಎಂದಿದ್ದರು. ಬಿಪಿಎಲ್ ಕಾರ್ಡಿದ್ದವರಿಗೆ ಪುಕ್ಕಟೆ. ದಸರೆ ಮುಗಿದ ಮೇಲೆ ಕರೆದುಕೊಂಡು ಬಾ ಎಂದಿದ್ದರು. ಕಾರ್ಡಿಲ್ಲದಿದ್ದರೆ ಎಷ್ಟಾಗುತ್ತದೆ ಎಂದು ನಾನು ಕೇಳಿದ್ದೆ. ನಮ್ಮ ಓಣಿಯ ಹೆಂಗಸರೆಲ್ಲ ಕಿವಿ ಮೂಗಿನದು ಬಿಚ್ಚಿ ಕೊಟ್ಟರೂ ಆಗದ ಮಾತು ಅದು.

ನಮ್ಮ ಕೆಲಸ ಏನೆಂದು ಹೇಳುತ್ತೇನೆ. ಕೇಳಿ ಮೂಗು ಮುರಿಯಬೇಡಿ, ಮುರಿಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿರುತ್ತಾರಲ್ಲ, ಅದು ಚೀಲಗಟ್ಟಲೆ ನಮ್ಮ ಶೆಡ್ಡಿಗೆ ಬರುತ್ತದೆ. ಹೇನು, ಸೀರು, ಎಣ್ಣೆಜಿಡ್ಡು, ಹೊಟ್ಟು ಎಲ್ಲ ಅದರಲ್ಲೇ. ನಾವು ನೆಲಕ್ಕೆ ಕೂತು ದಬ್ಬಣದಿಂದ ಗಂಟು ಬಿಡಿಸುತ್ತೇವೆ. ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟುತ್ತೇವೆ. ಸೋಪಿನ ನೀರಲ್ಲಿ ತೊಳೆಯುತ್ತೇವೆ. ಅದು ಹೊಳಪು ಹೊಂದಿ, ವಿಗ್ಗಾಗಿ, ಯಾವ್ಯಾವುದೋ ದೇಶಕ್ಕೆ ಹೋಗುತ್ತದೆ. ನಮಗೆ ಧೂಳು ಉಳಿಯುತ್ತದೆ. ಕೆಮ್ಮಿದರೆ ಬಾಯಿಗೆ ಕೂದಲು ಬರುತ್ತದೆ. ರೊಟ್ಟಿ ಮುರಿದರೆ ಅದರಲ್ಲೂ ಕೂದಲು. ಕಿರಾಣಿ ಅಂಗಡಿಯವನು ಚಿಲ್ಲರೆಯನ್ನು ನಮ್ಮ ಕೈಗೆ ಕೊಡುವುದಿಲ್ಲ, ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಾನೆ. ಕೂದಲದವರು ಎನ್ನುತ್ತಾನೆ. ಅವನ ಹೆಂಡತಿಯ ಕೂದಲೂ ಆ ಚೀಲದಲ್ಲಿರುತ್ತದೆ ಎಂದು ಒಮ್ಮೆ ಅವನ ಮುಖಕ್ಕೇ ಹೇಳಿದ್ದೇನೆ.

ದಬ್ಬಣ ಚುಚ್ಚಿ ಚುಚ್ಚಿ, ಸೋಪಿನ ನೀರಿನಲ್ಲಿ ನೆನೆದು ನೆನೆದು, ನಮ್ಮ ಬೆರಳಿನ ಗೆರೆಗಳು ಹೋಗಿವೆ. ರೇಷನ್ ಮಶೀನು ನಮ್ಮ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಒರೆಸಿ ಇಟ್ಟರೂ ಇಲ್ಲ, ಒತ್ತಿ ಇಟ್ಟರೂ ಇಲ್ಲ. ಅದಕ್ಕೆ ಮಕ್ಬುಲಸಾಬ ಫೋನಿಗೆ ಓಟಿಪಿ ಕಳಿಸುತ್ತಾನೆ. ಆದರೆ ಕೆಲಸದ ಹೊತ್ತಿನಲ್ಲಿ ನಮ್ಮ ಫೋನು ನಮ್ಮ ಹತ್ತಿರ ಇರುವುದಿಲ್ಲ. ಶೆಡ್ಡಿನ ಮಾಲಕ ಗವಿಸಿದ್ದಪ್ಪ ಸಾಹುಕಾರನ ಕಾನೂನು ಅದು. ದಬ್ಬಣ ಹಿಡಿದರೆ ಫೋನು ಬುಟ್ಟಿಗೆ. ಬುಟ್ಟಿ ಬಾಗಿಲಲ್ಲಿ ಮೇಸ್ತ್ರಿ ನಾಗೇಶನ ಪಕ್ಕ ಇರುತ್ತದೆ. ಮನೆಯವರೋ ಓಣಿಯವರೋ ನಮ್ಮ ಪರವಾಗಿ ರೇಷನ್ ಸಾಲಿನಲ್ಲಿ ನಿಂತು ಫೋನು ಮಾಡುತ್ತಾರೆ. ನಾಗೇಶ ಎತ್ತಿ, ಯಾರ ಫೋನೋ ಅವರ ಹೆಸರು ಕೂಗುತ್ತಾನೆ.

‘ಪಾರಮ್ಮಾ, ನಂಬರ ಬಂದೈತಿ. ಹೇಳ್ಲೇನು?’

‘ಹೇಳಪಾ.’

ಇಷ್ಟೇ. ತಲೆ ಸಹ ಎತ್ತುವುದಿಲ್ಲ. ತಲೆ ಎತ್ತಿದರೆ ಗಂಟು ಕೈತಪ್ಪುತ್ತದೆ. ನಾಗೇಶ ನಂಬರನ್ನು ಗಟ್ಟಿಯಾಗಿ ಓದುತ್ತಾನೆ, ಇಡೀ ಶೆಡ್ಡು ಕೇಳುತ್ತದೆ. ಅದನ್ನು ಮುಚ್ಚಿಡಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ನಂಬರು ಹೇಳಿದರೆ ಅಕ್ಕಿ ಬರುತ್ತದೆ ಎಂಬುದಷ್ಟೇ ನಮಗೆ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ಒಬ್ಬ ಶೆಡ್ಡಿಗೆ ಬಂದ. ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಕೂದಲು ಕೆಲಸದ ಹೆಂಗಸರಿಗೆ ಹೊಸ ಯೋಜನೆ ಬಂದಿದೆ, ಇಡೀ ಮನೆಯ ದವಾಖಾನೆ ಖರ್ಚು ಅದರಲ್ಲೇ ಆಗುತ್ತದೆ, ವೆಬ್‌ಸೈಟಿನಲ್ಲಿ ಹೆಸರು ಹಚ್ಚಬೇಕು ಎಂದ. ಸಾಹುಕಾರ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದ. ಎಲ್ಲರೂ ಮಾಡಸ್ರಿ, ರೊಕ್ಕ ಕೇಳಂಗಿಲ್ಲ ಅವರು ಎಂದ. ನಾನು ಹತ್ತನೇ ಇಯತ್ತೆವರೆಗೆ ಸಾಲಿಗೆ ಹೋದವಳು, ಅವನ ಫೋನಿನಲ್ಲಿ ಇದ್ದದ್ದನ್ನು ಓದಿದೆ. ಮೇಲೆ ಸಿಂಹದ ಮುದ್ರೆ ಇತ್ತು. ಕನ್ನಡ ತಪ್ಪಿಲ್ಲದೆ ಇತ್ತು. ಸರ್ಕಾರದ್ದೇ ಎಂದು ಎಲ್ಲರಿಗೂ ಹೇಳಿದೆ. ಮೊದಲು ಆಧಾರ್ ಮುಂದಿನದು, ಆಮೇಲೆ ಹಿಂದಿನದು. ಪ್ಯಾನ್ ಇದ್ದರೆ ಪ್ಯಾನ್. ಆಮೇಲೆ ಮುಖ. ಎಡಕ್ಕೆ ತಿರುಗಿ. ಬಲಕ್ಕೆ ತಿರುಗಿ. ಕಣ್ಣು ಮಿಟುಕಿಸಿ.

ನಾವು ತಲೆಗೆ ಅಂಟಿದ ಕೂದಲು ಕೊಡವಿಕೊಂಡು, ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದೆವು. ಪರಗಂಡಸಿನ ಫೋನಿಗೆ ಕಣ್ಣು ಮಿಟುಕಿಸಿದೆವು. ಲಗ್ನಕ್ಕೆ ಹೆಣ್ಣು ತೋರಿಸಿದಾಗಲೂ ಇಷ್ಟು ನಾಚಿರಲಿಲ್ಲ ಎಂದು ನನ್ನ ಪಕ್ಕ ಕೂರುವ ಗುಲ್ಶನ ಹೇಳಿ ನಮ್ಮನ್ನು ನಗಿಸಿದಳು. ಸ್ವಲ್ಪ ಹೊತ್ತಿಗೆ ಬುಟ್ಟಿಯಲ್ಲಿದ್ದ ಫೋನುಗಳು ಒಂದರ ಹಿಂದೊಂದು ಟಿಣ್ ಎಂದವು. ನಾಗೇಶ ಹೆಸರು ಕೂಗಿದ. ನಾವೆಲ್ಲ ಹೇಳಪಾ ಎಂದೆವು. ಇಸ್ತ್ರಿ ಅಂಗಿಯವನು ನಂಬರುಗಳನ್ನೆಲ್ಲ ಒತ್ತಿಕೊಂಡು, ಸಾಹುಕಾರ ತರಿಸಿದ ಚಹಾ ಕುಡಿದು ಹೋದ.

ಪ್ಯಾನ್ ಕಾರ್ಡು ಇದ್ದದ್ದು ಪಾರಮ್ಮನ ಹತ್ತಿರ ಮಾತ್ರ. ಬ್ಯಾಂಕಿನವರು ಕೇಳಿದರೆಂದು ಮಾಡಿಸಿದ್ದಳು. ಕಂಪನಿ ತೆರೆಯಲು ಅದೇ ಬೇಕಾಗಿದ್ದದ್ದು ಎಂದು ನಮಗೆ ಆಮೇಲೆ ತಿಳಿಯಿತು.

ಕಾರ್ಡು ರದ್ದಾದ ಮೇಲೆ ಪಾರಮ್ಮ ಆಫೀಸುಗಳಿಗೆ ಅಲೆದಳು. ಓದು ಬರುತ್ತದೆಂದು ನನ್ನನ್ನೂ ಕರೆದಳು. ಎರಡೂ ಮನೆಯ ಕೂಲಿ ಹೋಯಿತು. ರೇಷನ್ ನೋಡಿಕೊಳ್ಳುವ ಆಫೀಸಿನಲ್ಲಿ, ನಾವು ರದ್ದು ಮಾಡಿಲ್ಲ, ಕಂಪ್ಯೂಟರ್ ಮಾಡಿದೆ ಎಂದರು. ತೆರಿಗೆ ಆಫೀಸಿಗೆ ಹೋಗಿರಿ, ಕಂಪನಿ ನಿಮ್ಮದಲ್ಲ ಎಂದು ಬರೆಸಿಕೊಂಡು ಬನ್ನಿರಿ ಎಂದರು. ತೆರಿಗೆ ಆಫೀಸಿನವನು ಕೂರಲು ಹೇಳಲಿಲ್ಲ. ಕಂಪನಿ ಮುಚ್ಚಬೇಕಾದರೆ ವೆಬ್‌ಸೈಟಿಗೆ ಹೋಗಿ ಮಾಲಕರೇ ಅರ್ಜಿ ಹಾಕಬೇಕು, ಅವರ ಫೋನಿಗೆ ಓಟಿಪಿ ಬರುತ್ತದೆ ಎಂದ. ಕಂಪನಿಗೆ ಹಚ್ಚಿರುವ ಫೋನ್ ನಂಬರು ನಮ್ಮದಲ್ಲ, ಕದ್ದವನದು ಎಂದೆ. ಹಾಗಾದರೆ ಅವನನ್ನೇ ಕೇಳಿ ಎಂದು ನಕ್ಕ. ನನಗೆ ಅವನ ಮೇಜಿನ ಮೇಲಿನ ಗಾಜಿಗೆ ಒದೆಯಬೇಕು ಅನಿಸಿತು. ಪಾರಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಬಂದಳು.

ಪೊಲೀಸು ಠಾಣೆಯಲ್ಲಿ ಕೇಳಿದ್ದು ಒಂದೇ ಮಾತು. ನೀವ್ಯಾಕೆ ಕೊಟ್ಟಿರಿ? ಮೊದಲು ಒಬ್ಬ ಕೇಳಿದ, ಆಮೇಲೆ ಅವನ ಮೇಲಿನವನು ಕೇಳಿದ. ದೂರನ್ನು ವೆಬ್‌ಸೈಟಿನಲ್ಲೇ ಹಾಕಬೇಕು ಎಂದು ಎದುರಿನ ಝೆರಾಕ್ಸ್ ಅಂಗಡಿಗೆ ಕಳಿಸಿದರು. ಅಲ್ಲಿ ಮತ್ತೆ ಆಧಾರ್ ಮುಂದಿನದು, ಹಿಂದಿನದು, ಪ್ಯಾನು, ಮುಖ. ಪಾರಮ್ಮ ಮತ್ತೆ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಈ ಸಲ ನಗಲಿಲ್ಲ. ಆಧಾರ್ ಕದ್ದಿದ್ದಾರೆ ಎಂದು ಹೇಳುವುದಕ್ಕೂ ಆಧಾರ್ ಕೊಡಬೇಕು. ಹೋದಲ್ಲೆಲ್ಲ ಒಂದೊಂದು ಝೆರಾಕ್ಸ್ ಇಟ್ಟುಕೊಂಡರು. ಆ ಅಂಗಡಿಯಲ್ಲಿ ಅರ್ಧಂಬರ್ಧ ಬಂದ ಒಂದು ಝೆರಾಕ್ಸಿನ ಮೇಲೆ ಯಾರೋ ಮಿರ್ಚಿ ಭಜಿ ಇಟ್ಟುಕೊಂಡು ತಿನ್ನುತ್ತಿದ್ದರು. ಪಾರಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಅದರ ಮೇಲಿದ್ದದ್ದು ಆಕೆಯದೇ ಮುಖ.

ದೂರು ಹೋಯಿತು. ಉತ್ತರ ಬರಲಿಲ್ಲ. ಆ ಇಸ್ತ್ರಿ ಅಂಗಿಯವನು ಯಾರು ಎಂದು ಸಾಹುಕಾರನನ್ನು ಕೇಳಿದೆವು. ಯಾವನೋ ಬಂದಿದ್ದ, ನಂಗೇನು ಗೊತ್ತು ಎಂದು ಅವನು ತನ್ನ ಫೋನು ನೋಡತೊಡಗಿದ. ಅವತ್ತು ಹೆಗಲ ಮೇಲೆ ಕೈ ಹಾಕಿದ್ದಿರಲ್ಲ ಎಂದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ನಾಗೇಶನಿಗೆ, ಈಕೆಯ ಕಟ್ಟುಗಳನ್ನು ಇನ್ನೊಮ್ಮೆ ತೂಗು ಎಂದ. ತೂಕ ಇಳಿದರೆ ಕೂಲಿಯೂ ಇಳಿಯುತ್ತದೆ, ನಾನು ದಬ್ಬಣ ಎತ್ತಿಕೊಂಡೆ. ಶೆಡ್ಡಿನಲ್ಲಿ ಎಲ್ಲರೂ ಪಾರಮ್ಮನನ್ನು ಸಾಹುಕಾರ್ತಿ ಎಂದು ಕರೆಯತೊಡಗಿದ್ದರು. ಮೊದಮೊದಲು ನಗೆಗೆ, ಆಮೇಲೆ ಅಭ್ಯಾಸಕ್ಕೆ.

ದಸರೆ ಮುಗಿಯಿತು. ಪಾರಮ್ಮ ಗಂಡನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟಳು. ಕಾರ್ಡು ಕೈಯಲ್ಲಿದೆಯಲ್ಲ, ತೋರಿಸಿದರೆ ನಡೆದೀತು ಎಂಬ ಆಸೆ. ನಾನೂ ಹೋಗಿದ್ದೆ. ಕೌಂಟರಿನವನು ನಂಬರು ಒತ್ತಿದ. ನೀವು ಬಿಸಿನೆಸ್ಸಿನವರು ಎಂದು ತೋರಿಸುತ್ತದೆ, ಯೋಜನೆಯಲ್ಲಿ ಬರುವುದಿಲ್ಲ ಎಂದ. ಪಾರಮ್ಮ ತನ್ನ ಎರಡೂ ಕೈಗಳನ್ನು ಬಿಡಿಸಿ ಗಾಜಿನ ಕಿಂಡಿಯ ಮುಂದೆ ಹಿಡಿದಳು. ಹೆಬ್ಬೆಟ್ಟಿನ ತುದಿ ಒಡೆದು ಕಪ್ಪಾಗಿತ್ತು. ಬಿಸಿನೆಸ್ಸಿನವರ ಕೈ ಹಿಂಗಿರ್ತಾವೇನ್ರಿ ಎಂದು ಕೇಳಿದಳು. ಅವನು ಪಾಪ, ತಲೆ ತಗ್ಗಿಸಿ ಹಿಂದಿನವರನ್ನು ಕರೆದ.

ಹುಲಗಪ್ಪ ದವಾಖಾನೆಯ ಉದ್ದನೆಯ ಹಜಾರದ ನೆಲದ ಮೇಲೆ ಬಿದ್ದುಕೊಂಡಿದ್ದ. ಸುದ್ದಿ ಕೇಳಿ ಹೆಂಡತಿಯನ್ನು ನೋಡಿದ. ‘ಪಾರಿ, ನಿನ್ನ ಕಂಪನ್ಯಾಗ ನಂಗೂ ಒಂದ್ ಕೆಲ್ಸ ಕೊಡ’ ಎಂದ. ಆಕೆ ನಗಲಿ ಎಂದು ಹೇಳಿದ್ದು. ಹೇಳಿ ಮುಗಿಸಿ ಗೋಡೆಯ ಕಡೆ ತಿರುಗಿ ಅತ್ತ. ಊರೂರು ಕೂಗಿ ತಿರುಗಿದ ಗಂಡಸು ದನಿಯಿಲ್ಲದೆ ಅಳುವುದನ್ನು ನಾನು ಅವತ್ತು ನೋಡಿದೆ. ನನಗೆ ತಡೆಯಲಾಗಲಿಲ್ಲ, ಹೊರಗೆ ಹೋಗಿ ನಿಂತೆ.

ಅದಾದ ಮೇಲೆ ಜಾಗೃತಿ ಕಾರ್ಯಕ್ರಮ ಬಂತು. ವೆಬ್‌ಸೈಟಿನಲ್ಲಿ ಗುರುತಿನ ಚೀಟಿ ಕೇಳಿದರೆ ಹೇಗೆ ಎಚ್ಚರ ಇರಬೇಕು ಎಂದು ಹೆಂಗಸರಿಗೆ ತಿಳಿಸಿ ಹೇಳುವುದಕ್ಕೆ. ಕುರ್ಚಿ ತುಂಬಬೇಕಲ್ಲ, ಸಾಹುಕಾರ ಅರ್ಧ ದಿನ ಶೆಡ್ಡು ನಿಲ್ಲಿಸಿ ನಮ್ಮನ್ನೆಲ್ಲ ಕಲ್ಯಾಣ ಮಂಟಪಕ್ಕೆ ಕರೆತಂದ. ವೇದಿಕೆಯ ಮೇಲೆ ತಾನೂ ಹಾರ ಹಾಕಿಸಿಕೊಂಡು ಕೂತ. ಭಾಷಣಕ್ಕೆ ಬಂದ ಸಾಹೇಬರು ಚೆನ್ನಾಗಿ ಮಾತಾಡಿದರು. ಸುಳ್ಳು ಹೇಳಲು ಬರುವುದಿಲ್ಲ, ಚೆನ್ನಾಗಿಯೇ ಮಾತಾಡಿದರು. ವೆಬ್‌ಸೈಟು ಕೇಳಿತು ಎಂದ ಮಾತ್ರಕ್ಕೆ ಆಧಾರ್ ಕೊಡಬೇಡಿ. ಯಾರದು, ಯಾಕೆ ಬೇಕು ಎಂದು ಕೇಳಿ. ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮುಚ್ಚಿದ ಆಧಾರ್ ಸಿಗುತ್ತದೆ, ಅದನ್ನು ಕೊಡಿ. ಝೆರಾಕ್ಸಿನ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಅಡ್ಡಲಾಗಿ ಬರೆಯಿರಿ. ಬೆರಳಿನ ಗುರುತನ್ನು ಲಾಕ್ ಮಾಡಿಡಿ. ಓಟಿಪಿಯನ್ನು ಹೆತ್ತ ತಾಯಿಗೂ ಹೇಳಬೇಡಿ. ನಿಮ್ಮ ಗುರುತು ನಿಮ್ಮ ಆಸ್ತಿ, ಅದನ್ನು ಕಾಯುವವರು ನೀವೇ ಎಂದರು. ಚಪ್ಪಾಳೆ ಹೊಡೆಯಲು ಹೇಳಿದರು, ಹೊಡೆದೆವು.

ಅವರು ಹೇಳಿದ್ದು ಒಂದೂ ತಪ್ಪಿರಲಿಲ್ಲ. ಆದರೆ ನಮಗೆ ಇಷ್ಟು ದಿನ ಯಾರೂ ಮುಚ್ಚಿದ ಆಧಾರನ್ನು ಸಾಕು ಎಂದಿರಲಿಲ್ಲ. ಯಾಕೆ ಬೇಕು ಎಂದು ಕೇಳಿದರೆ ಯಾವ ಕಿಟಕಿಯೂ ನಮಗೆ ಉತ್ತರ ಕೊಟ್ಟಿರಲಿಲ್ಲ. ಬೇಕಾದರೆ ಕೊಡು, ಇಲ್ಲವಾದರೆ ಹೋಗು ಎಂದಿದ್ದವು.

ಪಾರಮ್ಮ ಎದ್ದು ನಿಂತಳು. ಯಾರೂ ಕೇಳಿರಲಿಲ್ಲ, ತಾನೇ ಎದ್ದಳು.

‘ಸಾಹೇಬ್ರ, ಕೊಡಬ್ಯಾಡ್ರಿ ಅಂತೀರಿ. ಖರೆ ಐತ್ರಿ. ನಾ ಕೊಡಲಿಲ್ಲ ಅಂದ್ರ ನನಗ ಅಕ್ಕಿ ಕೊಡೋರು ಯಾರ್ರಿ?’

ಸಾಹೇಬರು ಒಳ್ಳೆಯ ಪ್ರಶ್ನೆ ಎಂದರು. ಕಾರ್ಯಕ್ರಮ ಮುಗಿದ ಮೇಲೆ ಬಂದು ಕಾಣಿ ಎಂದರು. ಕಾರ್ಯಕ್ರಮ ಮುಗಿದಾಗ ಅವರ ಜೀಪು ಹೋಗಿತ್ತು.

ಬಾಗಿಲಲ್ಲಿ ಟೇಬಲ್ ಹಾಕಿದ್ದರು. ಭವಾನಿ ಎಂಬ ಹುಡುಗಿ, ಕಾರ್ಯಕ್ರಮ ಮಾಡಿಸಿದ ಸಂಸ್ಥೆಯವಳು, ಫೋನು ಹಿಡಿದು ಕೂತಿದ್ದಳು. ಹಾಜರಿ ಹಾಕಿಸಿದವರಿಗೆ ಉಪ್ಪಿಟ್ಟಿನ ಪೊಟ್ಟಣ. ಪಾರಮ್ಮ ಸಾಲಿನಲ್ಲಿ ನನ್ನ ಮುಂದೆ ಇದ್ದಳು. ಭವಾನಿ ಆಧಾರ್ ನಂಬರು ಕೇಳಿದಳು. ಆಮೇಲೆ ಫೋಟೊ ಇರುತ್ತದೆ, ಫೋನಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಆಯಿತು ಎಂದಳು.

‘ಈಗಷ್ಟ ಯಾರಿಗೂ ಕೊಡಬ್ಯಾಡ್ರಿ ಅಂದ್ರಲ್ಲವಾ ನಿಮ್ಮ ಸಾಹೇಬ್ರು.’

‘ಅದು ಬ್ಯಾರೆಯವರಿಗ್ರಿ ಅಕ್ಕಾ. ಇದು ನಮ್ಮದ ವೆಬ್‌ಸೈಟ್ ಐತ್ರಿ.’

‘ಅವನೂ ಹಿಂಗ ಅಂದಿದ್ದ.’

ಭವಾನಿಗೆ ಏನೂ ಅರ್ಥವಾಗಲಿಲ್ಲ. ಇಷ್ಟು ಜನರಿಗೆ ತಿಳಿಹೇಳಿದೆವು ಎಂದು ಮೇಲಿನವರಿಗೆ ತೋರಿಸಬೇಕು, ಹಾಜರಿ ಕಡಿಮೆಯಾದರೆ ನನ್ನ ಕೆಲಸಕ್ಕೆ ಕುತ್ತು ಎಂದು ಬೇಡಿಕೊಂಡಳು. ಆಕೆಯದೂ ಹೊಟ್ಟೆಪಾಡು. ಅಷ್ಟರಲ್ಲಿ ಸಾಹುಕಾರ ಬಂದ. ಕೊರಳಿನ ಹಾರ ಇನ್ನೂ ತೆಗೆದಿರಲಿಲ್ಲ. ಎಲ್ಲರ ಮುಂದೆ ನನ್ನ ಮಾನ ಕಳೆಯಬೇಡ, ಕೊಟ್ಟು ಹೋಗು ಎಂದ. ಪಾರಮ್ಮ ಕೊಡುವುದಿಲ್ಲ ಎಂದಳು. ಅವನು ಸಿಟ್ಟಾಗಲಿಲ್ಲ. ಸೋಮವಾರದಿಂದ ಶೆಡ್ಡಿನಲ್ಲೂ ಫೋನಿಗೆ ಮುಖ ತೋರಿಸಿಯೇ ಹಾಜರಿ, ಮಾಲು ಕೊಳ್ಳುವವರು ಕೇಳಿದ್ದಾರೆ ಎಂದ. ‘ಮಾರಿ ತೋರಸಲಿಲ್ಲಂದ್ರ ಕೆಲ್ಸಿಲ್ಲ. ತಿಳೀತಿಲ್ಲೋ?’ ಎಂದ.

ಭವಾನಿ ಫೋನನ್ನು ಮೇಲೆತ್ತಿ ಹಿಡಿದಿದ್ದಳು. ಅದರಲ್ಲಿ ಒಂದು ದುಂಡನೆಯ ಗೆರೆ, ಗೆರೆಯೊಳಗೆ ಪಾರಮ್ಮನ ಮುಖ. ಪಾರಮ್ಮ ಸೆರಗು ಎಳೆದು ಗದ್ದದವರೆಗೆ ಮುಚ್ಚಿಕೊಂಡಳು.

‘ನನ್ನ ಹೆಸರು ಒಯ್ದೀರಿ. ನನ್ನ ನಂಬರ ಒಯ್ದೀರಿ. ನಮ್ಮನಿಯವರ ಕಾಲು ಒಯ್ದೀರಿ. ಈ ಮಾರಿನೂ ಒಯ್ದಾಗೇತಿ, ನಂಗ ಗೊತ್ತೈತಿ. ಇನ್ನೊಮ್ಮೆ ನನ್ನ ಕೈಯಾರೆ ಕೊಡಂಗಿಲ್ಲ. ಏನರ ಮಾಡ್ಕೋರಿ.’

ಮುಸುಕು ತೆಗೆಯದೆಯೇ ಮೆಟ್ಟಿಲು ಇಳಿದಳು. ಒಂದು ಕಡೆ ಎಡವಿದಳು, ಗೋಡೆ ಹಿಡಿದು ನಿಂತು, ಮತ್ತೆ ಇಳಿದಳು. ಆಕೆಯ ಹಿಂದೆ ಹೋಗಬೇಕು, ನಾವೆಲ್ಲ ಹೋಗಬೇಕು, ಈ ಮಂಟಪದಲ್ಲಿ ಒಬ್ಬಳೂ ಉಳಿಯಬಾರದು ಅನಿಸಿತು. ತಿರುಗಿ ನೋಡಿದೆ. ಗುಲ್ಶನ ನೆಲ ನೋಡುತ್ತಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರು. ಸಾಹುಕಾರ ನನ್ನನ್ನೇ ನೋಡುತ್ತಿದ್ದ.

‘ಮುಂದಿನವರು ಬರ್ರಿ’ ಎಂದಳು ಭವಾನಿ.

ನಾನು ನಂಬರು ಹೇಳಿದೆ. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಕಣ್ಣು ಮಿಟುಕಿಸಿದೆ. ಓಟಿಪಿ ಬಂತು, ಅದನ್ನೂ ಹೇಳಿದೆ. ಉಪ್ಪಿಟ್ಟು ತಣ್ಣಗಾಗಿತ್ತು, ಆದರೂ ತಿಂದೆ.

ಸೋಮವಾರ ಪಾರಮ್ಮ ಎಂದಿನಂತೆ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ಹಾಜರಿಯ ಫೋನು ಗೋಡೆಗೆ ಬಡಿದ ಹಲಗೆಯ ಮೇಲೆ ಇತ್ತು. ಆಕೆ ಅದಕ್ಕೆ ಮುಖ ತೋರಿಸದೆ ದಾಟಿ ಬಂದು ತನ್ನ ಜಾಗದಲ್ಲಿ ಕೂತಳು. ದಬ್ಬಣ ತೆಗೆದು ಒಂದು ಉಂಡೆ ಬಿಡಿಸತೊಡಗಿದಳು. ನಾಗೇಶ ಬಂದು ನಿಂತ. ಏಳು ಪಾರಮ್ಮ ಎಂದ. ಆಕೆ ಏಳಲಿಲ್ಲ. ಅವನು ಆಕೆಯ ಮುಂದಿದ್ದ ಚೀಲವನ್ನು ಎಳೆದುಕೊಂಡ. ಆಕೆ ಚೀಲದ ಬಾಯಿ ಹಿಡಿದಳು. ಅವನು ಜಗ್ಗಿದ, ಚೀಲ ಹರಿದು ಕೂದಲು ಆಕೆಯ ಮಡಿಲಿಗೂ ಮುಖಕ್ಕೂ ಬಿತ್ತು. ನಮ್ಮಲ್ಲಿ ಯಾರೂ ತಲೆ ಎತ್ತಲಿಲ್ಲ. ಆಕೆ ಬಾಯಿಗೆ ಹೋದ ಕೂದಲನ್ನು ಉಗಿದಳು. ಎದ್ದಳು. ಹೋಗುವಾಗ ನನ್ನ ಪಕ್ಕ ಒಂದು ಗಳಿಗೆ ನಿಂತಳು. ನಾನು ಗಂಟು ಬಿಡಿಸುತ್ತಿದ್ದೆ. ಆಕೆಯ ಕಾಲು ಮಾತ್ರ ನೋಡಿದೆ.

ಆಕೆಯ ಜಾಗ ಕಿಟಕಿಯ ಕೆಳಗೆ. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಗಂಟು ಸ್ಪಷ್ಟ ಕಾಣುತ್ತದೆ. ಮಧ್ಯಾಹ್ನದವರೆಗೆ ಆ ಜಾಗ ಖಾಲಿ ಇತ್ತು. ಊಟ ಮುಗಿಸಿ ಬಂದು ನಾನು ಅಲ್ಲಿ ಕೂತೆ.